ರಕ್ತ ಬೇಕು, ರೋಗಿ ಬೇಡ

"ಟೆಸ್ಟ್ ಮಾಡಿಸಿಕೊಂಡ್ರೆ ತಪ್ಪೇನ್ರೀ?"

ಈ ಪ್ರಶ್ನೆ ನಾನು ಕಡಿಮೆ ಅಂದ್ರೂ ಹತ್ತು ಸಲ ಕೇಳಿಸಿಕೊಂಡಿದೀನಿ. ಆಫೀಸಿನ ಕ್ಯಾಂಟೀನಿನಲ್ಲಿ, ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ, ಹುಬ್ಬಳ್ಳಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮಾಸ್ತರರ ಬಾಯಲ್ಲಿ. ಗುಳೇ ಹೋಗೋರು ಊರೂರು ತಿರುಗ್ತಾರೆ, ಹೋದಲ್ಲೆಲ್ಲ ರೋಗ ಹಚ್ಚುತ್ತಾರೆ, ಹಾಗಾಗಿ ಹೋದ ಕಡೆ ರಕ್ತ ತೆಗೆದು ನೋಡಿದ್ರೆ ಯಾರಿಗೇನು ನಷ್ಟ ಅಂತ.

ಟೆಸ್ಟ್ ಮಾಡಿಸೋದ್ರಲ್ಲಿ ತಪ್ಪಿಲ್ಲ. ಟೆಸ್ಟ್ ಮಾಡಿ ಆಮೇಲೆ ಏನು ಮಾಡ್ತೀರಿ ಅನ್ನೋದು ನನ್ನ ಪ್ರಶ್ನೆ. ಅದಕ್ಕೆ ಇವತ್ತಿನವರೆಗೂ ಯಾರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. ಅದಕ್ಕೇ ಈ ಉದ್ದದ ಪೋಸ್ಟು. ಓದೋ ತಾಳ್ಮೆ ಇಲ್ಲದವರು ಇಲ್ಲೇ ಎದ್ದು ಹೋಗಬಹುದು :-)

ನಮ್ಮ ಕಡೆ ಗೊತ್ತಿಲ್ಲದವರಿಗೆ ಎರಡು ಮಾತು. ಬಾದಾಮಿ, ಹುನಗುಂದ, ಇಲಕಲ್ಲ ಅಂದ್ರೆ ನಿಮಗೆ ಗುಹೆ, ಐಹೊಳೆ, ಸೀರೆ, ಅಮೀನಗಡದ ಕರದಂಟು ನೆನಪಾಗುತ್ತೆ. ನಮಗೆ ಬಸ್ ಸ್ಟ್ಯಾಂಡು ನೆನಪಾಗುತ್ತೆ. ಸುಗ್ಗಿ ಮುಗಿದ ಮೇಲೆ ರಾತ್ರಿ ಬಸ್ಸಿಗೆ ಕಾಯ್ತಾ ಚೀಲ, ಪಾತ್ರೆ, ಸೀಮೆಎಣ್ಣೆ ಒಲೆ, ಎರಡು ಹಾಸಿಗೆ ಸುರುಳಿ, ಮೂರು ಮಕ್ಕಳು ಇಟ್ಟುಕೊಂಡು ಕೂತ ಮಂದಿ. ಹೊಳೆ ಕಡೆಯ ನೀರಾವರಿ ಹೊಲದವರಲ್ಲ ಇವರು. ಒಂದು ಮಳೆ ತಪ್ಪಿದ್ರೆ ವರ್ಷದ ಲೆಕ್ಕ ತಪ್ಪುವ ಖುಷ್ಕಿಯವರು. ಹೋಗೋದು ಗೋವಾ, ಮಂಗಳೂರು, ಉಡುಪಿ, ರತ್ನಾಗಿರಿ, ಪುಣೆ. ಹೋಗಿ ಮಾಡೋದು ಸೆಂಟ್ರಿಂಗ್, ಗಾರೆ, ರಸ್ತೆ, ಬಂದರು, ಬೋಟು. ಬನಶಂಕರಿ ಜಾತ್ರೆಗೆ ಒಮ್ಮೆ ಊರಿಗೆ ಬರ್ತಾರೆ, ಪಂಚಮಿಗೆ ಒಮ್ಮೆ ಬಂದ್ರೂ ಬಂದ್ರು. ನಾನು ಬೆಂಗಳೂರಿಗೆ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಬಂದಿದ್ದೂ ಗುಳೇನೇ. ಆದ್ರೆ ನನ್ನ ರಕ್ತ ಯಾರೂ ಕೇಳಲಿಲ್ಲ. ಕಂಪನಿಯವರು ಬಂದ ದಿನವೇ ಇನ್ಶೂರೆನ್ಸ್ ಕಾರ್ಡ್ ಕೈಗೆ ಕೊಟ್ರು. ವ್ಯತ್ಯಾಸ ಇಲ್ಲಿಂದ ಶುರು.

ನಮ್ಮ ದೊಡ್ಡವ್ವನ ಮಗ ಒಬ್ಬ ಕೆರೂರಿನ ಹತ್ತಿರದವನು, ಗೋವಾದಲ್ಲಿ ಕಬ್ಬಿಣ ಕಟ್ಟೋ ಕೆಲಸ. ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೊರಗಿಂದ ಬಂದವರಿಗೆ ಮಲೇರಿಯಾ ರಕ್ತಪರೀಕ್ಷೆ ಮಾಡಿ ಹೆಲ್ತ್ ಕಾರ್ಡ್ ಕೊಡುವ ಪದ್ಧತಿ ಬಹಳ ವರ್ಷಗಳಿಂದ ಇದೆ. ಅಲ್ಲಿನ ಸಾರ್ವಜನಿಕ ಆರೋಗ್ಯ ಕಾಯ್ದೆಯಡಿ ಮಾಡಿದ್ದು. ಕಾರ್ಡ್ ಇಲ್ಲದ ಆಳನ್ನ ಸೈಟಿನಲ್ಲಿ ಇಟ್ಟುಕೊಂಡ್ರೆ ಮಾಲೀಕನಿಗೆ ದಂಡ. ನಿನ್ನ ಕಾರ್ಡ್ ತೋರಿಸೋ ಅಂತ ಕೇಳಿದೆ.

"ಕಾರ್ಡ್ ಗುತ್ತೇದಾರನ ಕಡೆ ಐತಿ."

"ನಿನ್ನ ರಕ್ತದ ಕಾರ್ಡ್ ಅವನ ಕಡೆ ಯಾಕೋ ಅಣ್ಣಾ?"

"ಚೆಕ್ ಮಾಡಾಕ ಬಂದ್ರ ತೋರ್ಸಾಕ ಅವಂಗ ಬೇಕು. ನಂಗೇನ್ ಮಾಡೂದೈತಿ ಅದು?"

ನೋಡಿ, ಇಡೀ ವ್ಯವಸ್ಥೆಯ ಡಿಸೈನ್ ಡಾಕ್ಯುಮೆಂಟ್ ಈ ಒಂದು ಸಾಲಿನಲ್ಲಿದೆ. ಕಾರ್ಡ್‌ನ ಬಳಕೆದಾರ ಯಾರು? ಕಾರ್ಮಿಕ ಅಲ್ಲ. ಗುತ್ತೇದಾರ ಮತ್ತು ಇನ್‌ಸ್ಪೆಕ್ಟರು. ಜ್ವರ ಬಂದ ದಿನ ಈ ಕಾರ್ಡ್ ತೋರಿಸಿದ್ರೆ ಯಾವ ಬಾಗಿಲು ತೆಗೆಯುತ್ತೆ ಅಂತ ನಮ್ಮ ಅಣ್ಣನಿಗೆ ಯಾರೂ ಹೇಳಿಲ್ಲ.

ಇನ್ನು ರೋಗದ ವಿಷಯಕ್ಕೆ ಬರೋಣ. ಊರುಗಳಲ್ಲಿ ಮಲೇರಿಯಾ ಹರಡೋದು ಮುಖ್ಯವಾಗಿ ಅನಾಫಿಲಿಸ್ ಸ್ಟೀಫೆನ್ಸಿ ಅನ್ನೋ ಸೊಳ್ಳೆ. ಇದಕ್ಕೆ ಕೊಳಚೆ ನೀರು ಬೇಡ, ಚೊಕ್ಕ ನೀರು ಬೇಕು. ಓವರ್‌ಹೆಡ್ ಟ್ಯಾಂಕು, ಸೈಟಿನ ಸಿಮೆಂಟು ತೊಟ್ಟಿ, ಲಿಫ್ಟಿನ ಗುಂಡಿ, ಮತ್ತೆ ಸ್ಲ್ಯಾಬ್ ಹಾಕಿದ ಮೇಲೆ ಕ್ಯೂರಿಂಗಿಗೆ ಅಂತ ಕಟ್ಟೆ ಕಟ್ಟಿ ನಿಲ್ಲಿಸ್ತಾರಲ್ಲ, ಆ ನೀರು. ಅಂದ್ರೆ ಸೊಳ್ಳೆಯ ಮನೆ ಕಟ್ಟಿದವನು ಬಿಲ್ಡರು. ಮಂಗಳೂರಿನಲ್ಲಿ 1990ರ ಸುಮಾರಿಗೆ ಮಲೇರಿಯಾ ಮತ್ತೆ ಕಾಣಿಸಿಕೊಂಡಿದ್ದು, ಊರು ಎತ್ತರಕ್ಕೆ ಬೆಳೆಯೋಕೆ ಶುರುವಾದ ಕಾಲದಲ್ಲೇ. ನಮ್ಮ ಬಾದಾಮಿಯ ಮನುಷ್ಯ ಬಾಗಿಲು ಕಿಟಕಿ ಇಲ್ಲದ ಅರೆಕಟ್ಟಿದ ಕಟ್ಟಡದ ನೆಲಮಹಡಿಯಲ್ಲಿ, ಸೊಳ್ಳೆಪರದೆ ಇಲ್ಲದೆ, ಆ ತೊಟ್ಟಿಯ ಪಕ್ಕದಲ್ಲೇ ಮಲಗ್ತಾನೆ. ಅವನಿಗೆ ಕಚ್ಚುತ್ತೆ. ಆಮೇಲೆ ಪೇಪರಿನಲ್ಲಿ ಬರೋದು ಏನು? "ವಲಸೆ ಕಾರ್ಮಿಕರಿಂದ ಮಲೇರಿಯಾ ಹೆಚ್ಚಳ."

ಕೆಲವರು ರಕ್ತದಲ್ಲಿ ಪರಾವಲಂಬಿ ಹೊತ್ತುಕೊಂಡೇ ಬರ್ತಾರೆ, ಅದು ನಿಜ. ಆದ್ರೆ ಬಂದ ದಿನದ ಒಂದು ಟೆಸ್ಟು ಅದನ್ನೂ ಪೂರ್ತಿ ಹಿಡಿಯೋಲ್ಲ. ಸೊಳ್ಳೆ ಕಚ್ಚಿ ಹತ್ತು-ಹದಿನೈದು ದಿನ ಆದ ಮೇಲೆ ಜ್ವರ ಬರೋದು. ಸೋಮವಾರ ನೆಗೆಟಿವ್ ಬಂದವನಿಗೆ ಬುಧವಾರ ನಿಮ್ಮದೇ ಸೈಟಿನ ಸೊಳ್ಳೆ ಕಚ್ಚಿದ್ರೆ ಆ ಕಾರ್ಡಿಗೆ ಏನು ಬೆಲೆ? ವೈವಾಕ್ಸ್ ಮಲೇರಿಯಾ ಇನ್ನೂ ಕಿಲಾಡಿ. ಅದರ ಒಂದು ರೂಪ ಲಿವರಿನಲ್ಲಿ ಹೋಗಿ ಮಲಗುತ್ತೆ, ತಿಂಗಳುಗಟ್ಟಲೆ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಅದು ಕಾಣೋದೇ ಇಲ್ಲ. ಅದನ್ನ ಕೊಲ್ಲೋಕೆ ಪ್ರೈಮಾಕ್ವಿನ್ ಗುಳಿಗೆ 14 ದಿನ ನುಂಗಬೇಕು. ಮೂರನೇ ದಿನಕ್ಕೆ ಜ್ವರ ಇಳಿದಿರುತ್ತೆ. ಐದನೇ ದಿನ ಗುತ್ತೇದಾರ "ಮಡಗಾಂವ್ ಸೈಟಿಗೆ ನಡೀರಿ" ಅಂತಾನೆ. ಹದಿನಾಲ್ಕನೇ ಗುಳಿಗೆ ಯಾರು ಕೊಡ್ತಾರೆ? ಯಾರು ಲೆಕ್ಕ ಇಟ್ಟಿರ್ತಾರೆ?

ನಾವು ಪ್ರೋಗ್ರಾಮರ್‌ಗಳು ಇದಕ್ಕೆ ಒಂದು ಹೆಸರು ಇಟ್ಟಿದೀವಿ. ಲಾಗಿನ್ ಪೇಜಿನಲ್ಲಿ ಬಿಗಿ ಭದ್ರತೆ, ಒಳಗೆ ಹೋದ ಮೇಲೆ ಎಲ್ಲಾ ಬಟಾಬಯಲು. ಹೆಸರು ಮಾತ್ರ ಇಲ್ಲಿ ಬರೆಯೋ ಹಾಗಿಲ್ಲ, ನಮ್ಮವ್ವ ಈ ಬ್ಲಾಗ್ ಓದ್ತಾಳೆ.

ಈಗ ಎರಡನೇ ಬಾಗಿಲು. 2018ರ ಜನವರಿ 1ರಿಂದ ಬಾಂಬೋಲಿಮ್‌ನ ಗೋವಾ ಮೆಡಿಕಲ್ ಕಾಲೇಜ್ ಆಸ್ಪತ್ರೆಯಲ್ಲಿ ಗೋವಾದವರಲ್ಲದ ರೋಗಿಗಳಿಗೆ ಶುಲ್ಕ ಜಾರಿಗೆ ತಂದ್ರು. ಕಾರವಾರದವರು, ಸಿಂಧುದುರ್ಗದವರು ಗಲಾಟೆ ಮಾಡಿದ್ದು ಸುದ್ದಿಯಾಯ್ತು. ವಾಸ್ಕೋ, ಝುವಾರಿನಗರ, ಮಾಪುಸಾದ ಶೆಡ್ಡುಗಳಲ್ಲಿ ಇರೋ ಬಾಗಲಕೋಟೆಯವರು ಗಲಾಟೆ ಮಾಡಲಿಲ್ಲ. ಅವರಿಗೆ ಅಷ್ಟು ಪುರುಸೊತ್ತೂ ಇಲ್ಲ, ಅವರ ಪರವಾಗಿ ಪ್ರೆಸ್ ಮೀಟ್ ಮಾಡೋ ಶಾಸಕರೂ ಇಲ್ಲ. ಗೋವಾ ಸರ್ಕಾರದ ವಾದ ಇಷ್ಟೇ: ನಮ್ಮ ತೆರಿಗೆ, ನಮ್ಮ ಹಾಸಿಗೆ, ಮೊದಲು ನಮ್ಮ ಜನ.

ಸರಿ, ಲೆಕ್ಕ ಹಾಕೋಣ. 1996ರ ಕೇಂದ್ರ ಕಾಯ್ದೆ ಬಂದಾಗಿನಿಂದ ಕಟ್ಟಡ ಕಟ್ಟುವವರಿಂದ ಖರ್ಚಿನ ನೂರಕ್ಕೆ 1 ರೂಪಾಯಿ ಸೆಸ್ ವಸೂಲಾಗುತ್ತೆ, ಕಾರ್ಮಿಕರ ಕಲ್ಯಾಣಕ್ಕೆ ಅಂತಲೇ. ಗೋವಾದ ಹೋಟೆಲು ಕಟ್ಟಿದವನು ಹುನಗುಂದದವನು, ಸೆಸ್ ಜಮಾ ಆಗಿದ್ದು ಗೋವಾ ಮಂಡಳಿಗೆ. ಅದರ ಸವಲತ್ತು ಸಿಗಬೇಕಾದ್ರೆ ಅಲ್ಲಿ ನೋಂದಣಿ ಆಗಿರಬೇಕು, ಹಿಂದಿನ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ಪುರಾವೆ ಕೊಡಬೇಕಾದವನು ಯಾರು? ಮತ್ತೆ ಅದೇ ಗುತ್ತೇದಾರ. ಹಾಗಾಗಿ ಇವನ ಬೆವರಿನ ದುಡ್ಡು ಅಲ್ಲೇ ಬೊಕ್ಕಸದಲ್ಲಿ ಇರುತ್ತೆ, ಇವನು ಆಸ್ಪತ್ರೆಯಲ್ಲಿ ಹೊರಗಿನವನಾಗ್ತಾನೆ. "ನಮ್ಮ ತೆರಿಗೆ" ಅಂದ್ರಲ್ಲ, ಅದರಲ್ಲಿ ಇವನ ಪಾಲು ಎಲ್ಲಿ ಹೋಯ್ತು?

ಇಲ್ಲಿ ಯಾರಾದ್ರೂ ಕಾಮೆಂಟಿನಲ್ಲಿ ಹೇಳೇ ಹೇಳ್ತೀರಿ: ಮಲೇರಿಯಾ, ಕ್ಷಯ, ಎಚ್‌ಐವಿ ಔಷಧಿ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ದೇಶದ ತುಂಬಾ ಪುಕ್ಕಟೆ ಇದೆಯಲ್ಲ ಅಂತ. ಇದೆ. ಆದ್ರೆ ಜ್ವರ ಬಂದವನ ಹಣೆ ಮೇಲೆ ರೋಗದ ಹೆಸರು ಬರೆದಿರುತ್ತೇನ್ರೀ? ಅವನಿಗೆ ಗೊತ್ತಿರೋದು ಮೈ ಸುಡ್ತಿದೆ ಅಂತ ಮಾತ್ರ. ದೊಡ್ಡ ದವಾಖಾನೆಯಲ್ಲಿ ನಮ್ಮಂಥವರಿಗೆ ದುಡ್ಡು ಹಚ್ಚುತ್ತಾರೆ ಅನ್ನೋ ಸುದ್ದಿ ಒಂದು ಶೆಡ್ಡಿನಲ್ಲಿ ಬಿದ್ರೆ ಸಾಕು, ಸಂಜೆಯೊಳಗೆ ಇಪ್ಪತ್ತು ಶೆಡ್ಡಿಗೆ ಮುಟ್ಟುತ್ತೆ. ಯಾವುದಕ್ಕೆ ದುಡ್ಡು, ಯಾವುದಕ್ಕೆ ಇಲ್ಲ ಅನ್ನೋ ಸೂಕ್ಷ್ಮ ಮುಟ್ಟೋಲ್ಲ. ಒಂದು ದಿನ ಓಪಿಡಿ ಸಾಲಿನಲ್ಲಿ ನಿಂತ್ರೆ ಆ ದಿನದ ಪಗಾರ ಹೋಯ್ತು. ಅವನು ಹೋಗೋದು ಹತ್ತಿರದ ಯಾವನೋ ಡಾಕ್ಟರ್ ಅನ್ನಿಸಿಕೊಂಡವನ ಹತ್ರ. ಒಂದು ಸೂಜಿ, ಒಂದು ಸಲಾಯಿನ್ ಬಾಟಲಿ, ನಾಲ್ಕು ಬಣ್ಣದ ಗುಳಿಗೆ. ಮರುದಿನ ಕೆಲಸಕ್ಕೆ ಹಾಜರು. ಕೆಮ್ಮು ಆದ್ರೂ ಹೀಗೇ. ಆಯುಷ್ಮಾನ್ ಕಾರ್ಡ್ ಇದ್ರೂ ಅದು ಅಡ್ಮಿಟ್ ಆದವರಿಗೆ, ಓಪಿಡಿಗೆ ಅಲ್ಲ. ಸಾಂಕ್ರಾಮಿಕ ರೋಗ ಹಿಡಿಯಬೇಕಾದ್ದು ಓಪಿಡಿಯಲ್ಲೇ, ಅಡ್ಮಿಟ್ ಆಗೋ ಹೊತ್ತಿಗೆ ಅವನು ಇನ್ನೂ ಹತ್ತು ಜನಕ್ಕೆ ಹಚ್ಚಿರ್ತಾನೆ.

ಮೈ ಪೂರ್ತಿ ಕೆಟ್ಟ ಮೇಲೆ ಊರಿಗೆ ಬರ್ತಾರೆ. ನಮ್ಮ ಕಡೆ ಗುಳೇ ಹೋದವರು ಜಾತ್ರೆ ಹಬ್ಬ ಬಿಟ್ಟು ಬೇರೆ ಕಾಲದಲ್ಲಿ ಊರಲ್ಲಿ ಕಂಡ್ರೆ ಜನ "ಯಾಕ, ಆರಾಮಿಲ್ಲೇನು?" ಅಂತಲೇ ಕೇಳೋದು. ಗೋವಾದ ಕಟ್ಟಡದ ಖರ್ಚಿನ ಕೊನೇ ಕಂತು ಬಾದಾಮಿ ತಾಲ್ಲೂಕು ಆಸ್ಪತ್ರೆಯಲ್ಲಿ, ಹುನಗುಂದದ ಕಿರಾಣಿ ಅಂಗಡಿಯ ಸಾಲದ ಪುಸ್ತಕದಲ್ಲಿ ಜಮಾ ಆಗುತ್ತೆ.

ಸ್ವಲ್ಪ ದೂರದ ದೇಶ ನೋಡಿ ಬರೋಣ. ನಮ್ಮ ಟೀಮಿನ ಒಬ್ಬ ಲಂಡನ್ನಿಗೆ ಹೋದ. ಭಾರತದಿಂದ ಆರು ತಿಂಗಳಿಗಿಂತ ಹೆಚ್ಚು ಕಾಲಕ್ಕೆ ಹೋಗೋರು ವೀಸಾಕ್ಕೆ ಮೊದಲು ಎದೆ ಎಕ್ಸ್‌ರೇ ತೆಗೆಸಿ ಕ್ಷಯ ಇಲ್ಲ ಅಂತ ಸರ್ಟಿಫಿಕೇಟ್ ತರಬೇಕು. ಅವನೂ ಗೊಣಗಿದ. ಆದ್ರೆ ಅದೇ ಇಂಗ್ಲೆಂಡಿನಲ್ಲಿ, ಒಳಗೆ ಹೋದ ಮೇಲೆ ಕ್ಷಯ ಕಂಡ್ರೆ ಚಿಕಿತ್ಸೆಗೆ ಕಾಸು ಕೇಳೋಲ್ಲ, ವೀಸಾ ಇರಲಿ ಬಿಡಲಿ. ಮಲೇರಿಯಾಕ್ಕೂ ಇಲ್ಲ. ಎಚ್‌ಐವಿಗೆ 2012ರ ಅಕ್ಟೋಬರಿನಿಂದ ಇಲ್ಲ. ಅವರೇನು ಧರ್ಮಛತ್ರ ನಡೆಸ್ತಿಲ್ಲ, ಬೇರೆ ಕಾಯಿಲೆಗೆ ಹೊರಗಿನವರ ಹತ್ರ ಚೆನ್ನಾಗೇ ವಸೂಲಿ ಮಾಡ್ತಾರೆ. ಅಂಟುರೋಗದ ಮನುಷ್ಯ ಬಿಲ್ಲಿಗೆ ಹೆದರಿ ಅಡಗಿ ಕೂತ್ರೆ ನಷ್ಟ ತಮಗೇ ಅಂತ ಅವರಿಗೆ ಲೆಕ್ಕ ಗೊತ್ತು. ಲಂಡನ್ನಿನಲ್ಲಿ ಬಾಗಲಕೋಟೆಯವನಿಗೆ ಇರೋ ಬಾಗಿಲು ವಾಸ್ಕೋದಲ್ಲಿ ಇಲ್ಲ ಅಂದ್ರೆ ಇದಕ್ಕೆ ಏನನ್ನಬೇಕು?

ಇನ್ನೊಂದು ಮಾದರಿ ಗಲ್ಫಿನದು. ಮೆಡಿಕಲ್‌ನಲ್ಲಿ ಕ್ಷಯದ ಕಲೆ ಅಥವಾ ಎಚ್‌ಐವಿ ಕಂಡ್ರೆ "ಅನ್‌ಫಿಟ್" ಅಂತ ಒಂದು ಮುದ್ರೆ, ಅಷ್ಟೇ. ಗೋವಾದ ಕಾರ್ಡ್ ಮತ್ತು ಶುಲ್ಕ ಎರಡನ್ನೂ ಸೇರಿಸಿ ನೋಡಿದ್ರೆ ನನಗೆ ಇಂಗ್ಲೆಂಡಿಗಿಂತ ಗಲ್ಫೇ ಹತ್ತಿರ ಕಾಣುತ್ತೆ.

ರೋಗದ ಹೆಸರಲ್ಲಿ ಬೈಸಿಕೊಳ್ಳೋದು ಬಾಗಲಕೋಟೆಗೆ ಹೊಸದಲ್ಲ. 2003ರಲ್ಲಿ ನಮ್ಮ ಜಿಲ್ಲೆಯಲ್ಲಿ ಸಾಮಾನ್ಯ ಜನರ ನಡುವೆ ನಡೆದ ಎಚ್‌ಐವಿ ಸಮೀಕ್ಷೆಯಲ್ಲಿ ನೂರಕ್ಕೆ 2.9ರಷ್ಟು ಜನರಲ್ಲಿ ಸೋಂಕು ಕಂಡಿತ್ತು. ಆ ಕಾಲಕ್ಕೆ ಬಹಳ ದೊಡ್ಡ ಸಂಖ್ಯೆ. ಆಗ ಎಲ್ಲರೂ ತಲಾ ಒಬ್ಬೊಬ್ಬರನ್ನ ಹಿಡಿದು ಬೈದ್ರು: ದೇವದಾಸಿಯರನ್ನ, ಲಾರಿ ಡ್ರೈವರುಗಳನ್ನ, ಗುಳೇ ಹೋದ ಗಂಡಸರನ್ನ. ಸಮೀಕ್ಷೆ ಹೇಳಿದ್ದು ಹಳ್ಳಿಯಿಂದ ಹಳ್ಳಿಗೆ ಭಾರೀ ವ್ಯತ್ಯಾಸ ಇದೆ ಅಂತ. ಆದ್ರೆ ಅಷ್ಟು ವಿವರ ಯಾರಿಗೆ ಬೇಕು? ಗೋವಾದಲ್ಲಿ 2004ರ ಜೂನ್‌ನಲ್ಲಿ ವಾಸ್ಕೋದ ಬೈನಾದಲ್ಲಿದ್ದ ಮನೆಗಳನ್ನ ಬುಲ್ಡೋಜರ್ ಹಚ್ಚಿ ಕೆಡವಿದ್ರು. ಅಲ್ಲಿದ್ದ ಹೆಣ್ಣುಮಕ್ಕಳಲ್ಲಿ ಕರ್ನಾಟಕ, ಆಂಧ್ರದವರೇ ಬಹಳ. ಅವರೆಲ್ಲ ಚದುರಿ ಹೋದ್ರು. ಅವರ ನಡುವೆ ಆರೋಗ್ಯದ ಕೆಲಸ ಮಾಡ್ತಿದ್ದವರಿಗೆ ಅವರು ಕೈಗೆ ಸಿಗದ ಹಾಗಾಯ್ತು. ರೋಗ ಏನು ಬುಲ್ಡೋಜರ್ ಕೆಳಗೆ ಸತ್ತು ಹೋಯ್ತಾ?

ನಮ್ಮ ಜಿಲ್ಲೆಯ ಕತೆಯಲ್ಲಿ ದಿಕ್ಕು ಬದಲಾಗಿದ್ದು ಎಲ್ಲಿ ಅಂತ ನೋಡಿ. 2003ರಲ್ಲಿ ಪಾಸಿಟಿವ್ ಅಂತ ಗೊತ್ತಾದವನಿಗೆ ಸರ್ಕಾರದ ಹತ್ರ ಕೊಡೋಕೆ ಎಆರ್‌ಟಿ ಗುಳಿಗೆ ಇರಲಿಲ್ಲ. 2004ರ ಏಪ್ರಿಲ್ 1ರಿಂದ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಪುಕ್ಕಟೆ ಎಆರ್‌ಟಿ ಶುರುವಾಯ್ತು. ಗುಳಿಗೆ ಇಲ್ಲದಾಗ ಟೆಸ್ಟ್ ಅಂದ್ರೆ ಬರೀ ಮರ್ಯಾದೆ ಕಳಕೊಳ್ಳೋ ದಾರಿ, ಗುಳಿಗೆ ಬಂದ ಮೇಲೆ ಅದು ಬದುಕೋ ದಾರಿ. ಆಮೇಲೆ 2017ರ ಎಚ್‌ಐವಿ ಕಾಯ್ದೆ ಬಂತು, 2018ರ ಸೆಪ್ಟೆಂಬರಿನಲ್ಲಿ ಜಾರಿಯಾಯ್ತು. ಕೆಲಸಕ್ಕೆ ಸೇರಿಸಿಕೊಳ್ಳೋಕೆ ಅಥವಾ ಚಿಕಿತ್ಸೆ ಕೊಡೋಕೆ ಎಚ್‌ಐವಿ ಟೆಸ್ಟನ್ನ ಷರತ್ತಾಗಿ ಹಾಕೋ ಹಾಗಿಲ್ಲ ಅಂತ ಅದರಲ್ಲಿ ಸ್ಪಷ್ಟ ಇದೆ. ಒಂದು ರೋಗಕ್ಕೆ ಇಷ್ಟು ಬುದ್ಧಿ ಬಂದಿದೆ. ಉಳಿದ ರೋಗಗಳಿಗೆ ಯಾಕಿಲ್ಲ?

ಇಲ್ಲಿವರೆಗೆ ಓದಿ "ಗೋವಾದವರೇ ಹಂಗೆ ಬಿಡಿ, ನಮ್ಮವರನ್ನ ಘಾಂಟಿ ಅಂತಾರೆ" ಅಂತ ಕಾಮೆಂಟ್ ಬರೆಯೋಕೆ ಹೊರಟವರೇ, ಸ್ವಲ್ಪ ತಡೀರಿ.

2020ರ ಮಾರ್ಚ್ ಕೊನೆಯಲ್ಲಿ ತಲಪಾಡಿ ಗಡಿಯಲ್ಲಿ ರಸ್ತೆ ಮುಚ್ಚಿದ್ದು ಯಾರು? ನಾವು. ಕಾಸರಗೋಡಿನ ಜನಕ್ಕೆ, ಅದರಲ್ಲಿ ಎಷ್ಟೋ ಕನ್ನಡದ ಮನೆಗಳಿಗೆ, ದೊಡ್ಡಾಸ್ಪತ್ರೆ ಅಂದ್ರೆ ಮಂಗಳೂರೇ. ಆಂಬುಲೆನ್ಸ್‌ಗಳು ಗಡಿಯಿಂದ ವಾಪಸ್ ಹೋದವು, ಜನ ಸತ್ರು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಆದೇಶ ಕೊಡಬೇಕಾಯ್ತು. ಅವತ್ತು ಎಷ್ಟು ಜನ ಕನ್ನಡಾಭಿಮಾನಿಗಳು ಕಾಸರಗೋಡಿನ ಪರ ಬಾಯಿ ಬಿಟ್ರಿ? ಮೇ ತಿಂಗಳಲ್ಲಿ ಬಿಲ್ಡರುಗಳ ಜೊತೆ ಮೀಟಿಂಗ್ ಆದ ಮೇಲೆ ನಮ್ಮ ಸರ್ಕಾರ ಬೇರೆ ರಾಜ್ಯದ ಕಾರ್ಮಿಕರ ರೈಲು ರದ್ದು ಮಾಡಿತು, ಎಲ್ಲರೂ ಉಗಿದ ಮೇಲೆ ಮತ್ತೆ ಬಿಟ್ಟಿತು. ಅಂದ್ರೆ ಹೋಗ್ತೀನಿ ಅನ್ನೋನನ್ನ ಹೋಗೋಕೆ ಬಿಡೋಲ್ಲ. ಮೇ 18ರಂದು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರೋರಿಗೆ ತಿಂಗಳ ಕೊನೆವರೆಗೆ ಪ್ರವೇಶ ಇಲ್ಲ ಅಂದ್ರು. ಪುಣೆ, ಮುಂಬೈಯಲ್ಲಿ ಸಿಕ್ಕಿಬಿದ್ದ ನಮ್ಮದೇ ಜಿಲ್ಲೆಗಳ ಜನ ಏನು ಮಾಡಬೇಕಿತ್ತು? ಬಾದಾಮಿ ತಾಲ್ಲೂಕಿನ ಢಾಣಕಶಿರೂರಿನಲ್ಲಿ ಅದೇ ತಿಂಗಳು ಒಟ್ಟಿಗೆ ಹಲವು ಕೇಸು ಬಂದಾಗ ಆ ಊರಿನ ಹೆಸರು ಹೇಳಿದ್ರೆ ಜನ ಮಾರು ದೂರ ಸರೀತಿದ್ರು. ಈಗಲೂ ಚಳಿಗಾಲದಲ್ಲಿ ಮಹಾರಾಷ್ಟ್ರದ ಬೀಡ ಕಡೆಯ ಕಬ್ಬಿನ ಗ್ಯಾಂಗುಗಳು ನಮ್ಮ ಸೀಮೆಯ ಸಕ್ಕರೆ ಕಾರ್ಖಾನೆಗಳ ಸುತ್ತ ಬಂದು ಜೋಪಡಿ ಹಾಕ್ತಾವೆ. ಅವರ ಮಕ್ಕಳಿಗೆ ಲಸಿಕೆ ಆಗಿದೆಯಾ, ಬಸುರಿಯರು ಎಲ್ಲಿ ತೋರಿಸ್ತಾರೆ ಅಂತ ನಾವು ಎಷ್ಟು ಜನ ಕೇಳಿದೀವಿ? ನಮ್ಮ ಕಣ್ಣಿಗೆ ಅವರೂ ಘಾಂಟಿಗಳೇ.

ಇದರ ಬೇರು ಹಳೇದು. 1897ರಲ್ಲಿ ಪ್ಲೇಗಿನ ಗಾಬರಿಯಲ್ಲಿ ಬ್ರಿಟಿಷರು ಮಾಡಿದ ಸಾಂಕ್ರಾಮಿಕ ರೋಗ ಕಾಯ್ದೆಯಲ್ಲಿ ರೈಲಿನಲ್ಲಿ ಓಡಾಡೋರನ್ನ ತಪಾಸಣೆ ಮಾಡೋ, ಶಂಕೆ ಬಂದವರನ್ನ ಬೇರೆ ಇಡೋ ಅಧಿಕಾರ ಬರೆದಿದೆ. ರೋಗಿಗೆ ಚಿಕಿತ್ಸೆ ಕೊಡಬೇಕು ಅನ್ನೋ ಕರ್ತವ್ಯ ಬರೆದಿಲ್ಲ. 2020ರಲ್ಲಿ ಬಳಸಿದ್ದು ಅದೇ ಕಾಯ್ದೆ.

ಹಾಗಾದ್ರೆ ಏನು ಮಾಡಬೇಕು ಅಂತ ಕೇಳ್ತೀರಿ. ಬೈಯೋದು ಸುಲಭ ಅಂತ ನನಗೂ ಗೊತ್ತು. ನನ್ನ ಬೇಡಿಕೆ ದೊಡ್ಡದೇನಲ್ಲ.

ಕಾರ್ಡ್ ಕಾರ್ಮಿಕನ ಕೈಯಲ್ಲಿ ಇರಬೇಕು, ಕನ್ನಡದಲ್ಲಿ ಇರಬೇಕು, ಜ್ವರ ಬಂದ್ರೆ ಎಲ್ಲಿಗೆ ಹೋಗಬೇಕು ಅಂತ ಅದರ ಹಿಂದೆ ಬರೆದಿರಬೇಕು. ಜ್ವರ, ಕೆಮ್ಮಿಗೆ ಬಂದವನ ಹತ್ರ ಯಾವ ರಾಜ್ಯದವನು ಅಂತ ಕೇಳೋದು ರೋಗ ಪತ್ತೆ ಆದ ಮೇಲೆ ಇಟ್ಟುಕೊಳ್ಳಲಿ. ಶುಲ್ಕ ಬೇಕೇ ಬೇಕು ಅಂದ್ರೆ ಗೋವಾ ಸರ್ಕಾರ ಬಿಲ್ಲನ್ನ ಬೆಂಗಳೂರಿಗೆ ಕಳಿಸಲಿ. ಅಕ್ಕಿಗೆ ಇದು ಆಗಿದೆಯಲ್ಲ? ಒಂದು ದೇಶ ಒಂದು ಪಡಿತರ ಕಾರ್ಡ್ ಅಂತ 2022ರ ಹೊತ್ತಿಗೆ ಎಲ್ಲಾ ರಾಜ್ಯಗಳೂ ಸೇರಿಕೊಂಡವು. ಇಲಕಲ್ಲಿನ ಕಾರ್ಡಿಗೆ ಪಣಜಿಯಲ್ಲಿ ಅಕ್ಕಿ ಕೊಡೋ ಸಾಫ್ಟ್‌ವೇರ್ ಬರೆಯೋಕೆ ಬರುತ್ತೆ, ಹದಿನಾಲ್ಕು ದಿನದ ಗುಳಿಗೆಯ ಲೆಕ್ಕ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಕಳಿಸೋಕೆ ಬರೋಲ್ವಾ? ಕ್ಷಯಕ್ಕೆ ನಿಕ್ಷಯ್ ಅನ್ನೋ ವ್ಯವಸ್ಥೆ 2012ರಿಂದ ಇದೆ. ರೋಗಿಯ ದಾಖಲೆ ಬೇರೆ ಊರಿಗೆ ವರ್ಗಾಯಿಸೋ ಸೌಲಭ್ಯವೂ ಅದರಲ್ಲಿದೆ. ಸೌಲಭ್ಯ ಇದೆ ಅಂತ ರೋಗಿಗೆ ಹೇಳೋರಿಲ್ಲ. ಆರು ತಿಂಗಳ ಚಿಕಿತ್ಸೆ, ಎರಡನೇ ತಿಂಗಳಿಗೆ ಮೈ ಹಗುರ ಆಗುತ್ತೆ, ಮುಂಗಡ ತಗೊಂಡ ಗುತ್ತೇದಾರ ಫೋನ್ ಮಾಡ್ತಾನೆ, ಇವನು ಬಸ್ ಹತ್ತುತ್ತಾನೆ. ಬಾದಾಮಿಯ ಆಸ್ಪತ್ರೆಯವರು ಆ ದಿನ ಒಂದು ಕ್ಲಿಕ್ ಮಾಡಿ, ಗೋವಾದ ಯಾವ ಕೇಂದ್ರಕ್ಕೆ ಹೋಗಬೇಕು ಅಂತ ಚೀಟಿ ಬರೆದುಕೊಟ್ರೆ ಮುಗೀತು. ಹಾಗೆ ಮಾಡೋ ನರ್ಸಮ್ಮಗಳೂ ಇದ್ದಾರೆ, ಅವರಿಗೆ ನನ್ನ ನಮಸ್ಕಾರ. ಆದ್ರೆ ಯಾರದೋ ಒಳ್ಳೇತನದ ಮೇಲೆ ಒಂದು ವ್ಯವಸ್ಥೆ ನಿಲ್ಲಬಾರದು.

ಕರ್ನಾಟಕ ಸರ್ಕಾರಕ್ಕೂ ಒಂದು ಮಾತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ಗುತ್ತೇದಾರ ಪುಕ್ಕಟೆ ವೈದ್ಯಕೀಯ ಸೌಲಭ್ಯ ಕೊಡಬೇಕು ಅಂತ ಇತ್ತು. ಅದು ಗುತ್ತೇದಾರನ ಮೂಲಕ ಹೋದವರಿಗೆ ಮಾತ್ರ. ಸಂಬಂಧಿಕರ ಫೋನ್ ನಂಬಿ ಬಸ್ ಹತ್ತಿದವರು ಲೆಕ್ಕಕ್ಕೇ ಇರಲಿಲ್ಲ. 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಸಂಹಿತೆಯಲ್ಲಿ ತಾವಾಗಿ ಹೋದವರನ್ನೂ ವಲಸೆ ಕಾರ್ಮಿಕ ಅಂತ ಸೇರಿಸಿದ್ದಾರೆ. ಒಳ್ಳೇದು. ಈಗ ಬಾದಾಮಿ, ಹುನಗುಂದ, ಇಲಕಲ್ಲ ಬಸ್ ಸ್ಟ್ಯಾಂಡಿನಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿ. ಯಾರು ಎಲ್ಲಿಗೆ ಹೋಗ್ತಾರೆ ಅಂತ ಬರಕೊಳ್ಳಿ. ಅವರ ಒಪ್ಪಿಗೆ ಕೇಳಿ ಅಲ್ಲೇ ಕಫ ಪರೀಕ್ಷೆ ಮಾಡಿ, ಸೊಳ್ಳೆಪರದೆ ಕೊಡಿ, ಹೋಗೋ ಊರಿನ ಕೇಂದ್ರದ ವಿಳಾಸ ಕೊಡಿ. ಟೆಸ್ಟ್ ಮಾಡಿದ್ರೆ ತಪ್ಪೇನು ಅಂತ ಕೇಳ್ತಿದ್ರಲ್ಲ, ಹೀಗೆ ಮಾಡಿದ್ರೆ ತಪ್ಪಿಲ್ಲ.

ಒಪ್ಪದಿದ್ರೆ ಕಾಮೆಂಟಿನಲ್ಲಿ ಬೈಯಿರಿ, ಅನಾಮಧೇಯರಾಗಿ ಬೈಯಬೇಡಿ.

ತಾ.ಕ.: ನಿಮ್ಮ ಮನೆ ಪಕ್ಕದ ಸೈಟಿನಲ್ಲಿ ಎರಡು ವಾರದಿಂದ ಕೆಮ್ಮುತ್ತಿರೋರು ಯಾರಾದ್ರೂ ಕಂಡ್ರೆ ನಿಕ್ಷಯ್ ಸಹಾಯವಾಣಿ 1800-11-6666, ಕರೆ ಪುಕ್ಕಟೆ. ಎಚ್‌ಐವಿ ಬಗ್ಗೆ ಕೇಳೋದಿದ್ರೆ 1097. ಸಾಧ್ಯ ಆದ್ರೆ ನೀವೇ ಡಯಲ್ ಮಾಡಿ ಅವರ ಕೈಗೆ ಫೋನ್ ಕೊಡಿ, ಮಾತಾಡೋ ಹೊತ್ತಿನಲ್ಲಿ ಮೇಸ್ತ್ರಿಯನ್ನ ಸ್ವಲ್ಪ ಮಾತಿಗೆಳೀರಿ.